‘ದಬ್ ಅಂತ’ ಬಿತ್ತೋ, ‘ದಬ್ಬನೆ’ ಬಿತ್ತೋ?

ಅಡುಗೆಮನೆಯಲ್ಲಿ ಅಕ್ಕಿ ಚೀಲ ಬಿತ್ತು. ಮಗು ಓಡಿಬಂದು ‘ದಬ್ ಅಂತ ಬಿತ್ತಮ್ಮಾ’ ಅನ್ನುತ್ತೆ. ‘ಅಂತ ಅಲ್ಲ ಪುಟ್ಟಾ, ಅದು ಆಡುಮಾತು. ದಬ್ಬನೆ ಬಿತ್ತು ಅನ್ನು’ ಅಂತ ನಾವು ತಿದ್ದುತ್ತೇವೆ. ಪುಣೆ, ಹೈದರಾಬಾದಿನಂಥ ಊರಲ್ಲಿ ಮಗುವಿಗೆ ಸಿಗೋದೇ ಮನೆಯೊಳಗಿನ ಅಷ್ಟು ಕನ್ನಡ. ಅದನ್ನೂ ಹೀಗೆ ತಿದ್ದಿದರೆ ಮುಂದಿನ ಸಲ ‘ಜೋರಾಗಿ ಬಿತ್ತು’ ಅಂದು ಸುಮ್ಮನಾಗುತ್ತೆ. ಸದ್ದೇ ಮಾಯ! ಅದಕ್ಕೇ ಈ ‘ಅಂತ’ದ ಜಾತಕ ಸ್ವಲ್ಪ ನೋಡೋಣ.

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ, 6ನೇ ಅಧ್ಯಾಯದ 1ನೇ ಪಾದದ 98ನೇ ಸೂತ್ರ ಇಂಥ ಪದಗಳ ಬಗ್ಗೆಯೇ ಇದೆ. ಅಕ್ಷರ ಬಿಡಿಸಿ ಹೇಳಲಾಗದ ಸದ್ದನ್ನು ಅನುಕರಿಸುವ ಪದ ‘ಅವ್ಯಕ್ತಾನುಕರಣ’. ‘ಪಟತ್’ ಮುಂದೆ ‘ಇತಿ’ ಬಂದರೆ ‘ಪಟಿತಿ’ ಆಗುತ್ತೆ. ಇತಿ ಅಂದರೆ? ‘ಎಂದು’. ಅಂದರೆ ಪಟಿತಿ ನಮ್ಮ ‘ಪಟ್ ಅಂತ’ದ ಅಣ್ಣ. ಪಂಡಿತರು ಗಂಭೀರವಾಗಿ ಬಳಸುವ ‘ಝಟಿತಿ’ಯೂ ಇದೇ ಅಚ್ಚಿನದು: ಝಟ್ ಅಂತ. ಸಂಸ್ಕೃತದಲ್ಲಿ ‘ಇತಿ’ಯ ಇಷ್ಟೊಂದು ಬಳಕೆಗೆ ದ್ರಾವಿಡ ಭಾಷೆಗಳ ಪ್ರಭಾವ ಕಾರಣ ಅಂದ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ಎಮೆನೋ ಅವರಂತೂ 1969ರಲ್ಲಿ ಅನುಕರಣ ಪದಗಳ ಮೇಲೇ ಒಂದು ಲೇಖನ ಬರೆದು, ಆರ್ಯ ಮತ್ತು ದ್ರಾವಿಡ ಭಾಷೆಗಳು ಇವನ್ನು ಹಂಚಿಕೊಂಡಿರೋದನ್ನು ತೋರಿಸಿದರು.

ನಮ್ಮ ಕೇಶಿರಾಜ, 13ನೇ ಶತಮಾನದವನು, ಶಬ್ದಮಣಿದರ್ಪಣವನ್ನು ಶುರು ಮಾಡೋದೇ ಸದ್ದು ಹುಟ್ಟುವ ಬಗೆಯಿಂದ: ಹೊಕ್ಕುಳ ಬುಡದಿಂದ, ಕಹಳೆಯ ಹಾಗೆ. ಅದರ ಬಣ್ಣ ಬಿಳಿಯಂತೆ! (ಯಾಕೆ ಬಿಳಿ ಅನ್ನೋದು ಇನ್ನೊಂದು ದಿನದ ಮಾತು.) ಶಾಲೆಯ ವ್ಯಾಕರಣದಲ್ಲಿ ನಾವು ‘ಅನುಕರಣಾವ್ಯಯ’ ಅಂತ ಬಾಯಿಪಾಠ ಮಾಡಿದ ಸರಸರ, ಧಗಧಗ, ರಪರಪ ನೆನಪಿರಬೇಕಲ್ಲ?

ಹಾಗಾದರೆ ‘-ಅನೆ’? ಹಳಗನ್ನಡದಲ್ಲಿ ‘ಎನ್’ ಧಾತುವಿನಿಂದ ‘ಎನೆ’ ಬರುತ್ತೆ, ‘ಎನ್ನುವಂತೆ’ ಅನ್ನೋ ಅರ್ಥದಲ್ಲಿ. ದಬ್ಬನೆಯ ‘ಅನೆ’ಯನ್ನು ಅದರ ಪಕ್ಕ ಇಟ್ಟು ನೋಡಿ. ನನಗಂತೂ ಅಂತ, ಎಂದು, ಅನೆ ಮೂರೂ ಒಂದೇ ಮನೆಯವು ಅನ್ನಿಸುತ್ತೆ. ವಸ್ತುಗಳೂ ಏನೋ ‘ಅನ್ನುತ್ತವೆ’, ನಾವು ಅದನ್ನು ವರದಿ ಮಾಡುತ್ತೇವೆ, ಅಷ್ಟೆ.

ಬಳಕೆಯಲ್ಲಿ ಮಾತ್ರ ವ್ಯತ್ಯಾಸ ಇದೆ. ಒತ್ತಿ ನಿಲ್ಲುವ ಸದ್ದಿಗೆ ‘-ಅನೆ’ ಚೆನ್ನಾಗಿ ಅಂಟುತ್ತೆ: ಗೊಳ್ಳನೆ ನಕ್ಕರು, ಸರ್ರನೆ ಹೋಯ್ತು. ಎಳೆಯುವ ಸದ್ದಿಗೆ ಅಂಟಲ್ಲ: ಮಳೆ ‘ಧೋ ಅಂತ’ ಸುರಿಯುತ್ತೆ, ‘ಧೋನೆ’ ಅಲ್ಲ. ಜೋಡಿಪದಕ್ಕೆ ಏನೂ ಬೇಡ, ‘ಪಟಪಟ ಹೊಡೀತು’ ಸಾಕು, ‘ಪಟಪಟನೆ’ಯೂ ಸರಿ. ಆದರೆ ‘ಪಟಪಟವಾಗಿ’ ಕಿವಿಗೆ ಹೊಡೆಯುತ್ತೆ. ‘ಆಗಿ’ ಗುಣ ಹೇಳುವ ಪದಗಳ ಸೊತ್ತು: ಇಂಪಾಗಿ, ಸ್ಪಷ್ಟವಾಗಿ, ಗಟ್ಟಿಯಾಗಿ.

‘ಕೇಳು’ ಜೊತೆ ಇನ್ನೂ ಹುಷಾರು. ‘ಮೆಲ್ಲನೆ ಕೇಳಿದ’ ಅಂದರೆ ಪ್ರಶ್ನೆ ಮೆಲ್ಲಗೆ. ‘ಮೆಲ್ಲನೆ ಕೇಳಿಸಿತು’ ಅಂದರೆ ಸದ್ದು ಮೆಲ್ಲಗೆ. ಆಫೀಸ್ ಕಾಲ್‌ನಲ್ಲಿ ‘ಗಟ್ಟಿಯಾಗಿ ಕೇಳಿ’ ಅಂದರೆ ಎದುರಿನವರು ಕಿವಿ ಕೊಡಲ್ಲ, ಕಿರುಚಿ ಪ್ರಶ್ನೆ ಕೇಳುತ್ತಾರೆ.

ನೀವಿರುವ ಊರಲ್ಲೂ ಕಿವಿಗೊಡಿ. ಚೆನ್ನೈನ ‘ಸಟ್ಟೆನ್ಡ್ರು’ವಿನಲ್ಲಿ ‘ಎನ್ಡ್ರು’ ನಮ್ಮ ‘ಎಂದು’ವೇ. ಹೈದರಾಬಾದಿನವರು ಜೋರಾಗಿ ಮಾತಾಡಿ ಅನ್ನೋಕೆ ‘ಗಟ್ಟಿಗಾ’ ಅನ್ನುತ್ತಾರೆ. ಪುಣೆಯ ‘ಪಟ್ಕನ್’ ಸದ್ದಿನಿಂದ ಹೊರಟು ‘ಬೇಗ’ಕ್ಕೆ ಬಂದು ನಿಂತಿದೆ, ನಮ್ಮ ‘ಪಟ್ ಅಂತ ಬಾ’ ಹಾಗೇ.