ನಾಲೆಯ ನೀರಿನಿಂದಾದ ದ್ರಾಕ್ಷಿಸೀಮೆ: ಆಸ್ಟ್ರೇಲಿಯಾದ ಗ್ರಿಫಿತ್

ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 570 ಕಿ.ಮೀ. ದೂರದಲ್ಲಿ, ನ್ಯೂ ಸೌತ್ ವೇಲ್ಸ್ ರಾಜ್ಯದ ಒಳನಾಡಿನಲ್ಲಿ ಹರಡಿಕೊಂಡಿರುವ ರಿವರೀನಾ ಬಯಲಿನ ಮುಖ್ಯ ಪಟ್ಟಣಗಳಲ್ಲಿ ಗ್ರಿಫಿತ್ ಒಂದು. ಅಲ್ಲಿಗೆ ಹೋಗುವ ಪ್ರವಾಸಿಗೆ ದಾರಿಯುದ್ದಕ್ಕೂ ಕುರಿ ಮೇಯುವ ಹುಲ್ಲುಗಾವಲು, ಮಳೆಯಾಶ್ರಿತ ಗೋಧಿಯ ಹೊಲಗಳು ಮತ್ತು ಕೆಂಪು ಮಣ್ಣಿನ ಕುರುಚಲು ಭೂಮಿ ಕಾಣುತ್ತವೆ. ಪಟ್ಟಣ ಸಮೀಪಿಸಿದಂತೆ ನೋಟ ಥಟ್ಟನೆ ಬದಲಾಗಿ ದ್ರಾಕ್ಷಿ ತೋಟಗಳು, ಕಿತ್ತಳೆಯ ಸಾಲುಗಳು ಮತ್ತು ಭತ್ತದ ಗದ್ದೆಗಳು ತೆರೆದುಕೊಳ್ಳುತ್ತವೆ. ವರ್ಷಕ್ಕೆ ಸರಾಸರಿ 400 ಮಿ.ಮೀ.ನಷ್ಟು ಮಳೆ ಬೀಳುವ ಈ ನೆಲದಲ್ಲಿ ಬಳ್ಳಿಯೊಂದು ಚಿಗುರಬೇಕಾದರೆ ನೂರಾರು ಕಿಲೋಮೀಟರ್ ದೂರದ ಬೆಟ್ಟಗಳಲ್ಲಿ ತಡೆಹಿಡಿದ ನೀರು ನದಿಯಲ್ಲಿ ಇಳಿದು, ನಾಲೆಯಲ್ಲಿ ತಿರುಗಿ, ತೂಬಿನಿಂದ ಹೊರಬರಬೇಕು. ಆದ್ದರಿಂದ ಈ ಸೀಮೆಯ ವೈನ್‌ನ ಚರಿತ್ರೆ ದ್ರಾಕ್ಷಿಗಿಂತ ಮೊದಲು ನೀರಿನ ಚರಿತ್ರೆಯಾಗಿದೆ. ಸರ್ಕಾರವು ಯಾರಿಗಾಗಿ ಈ ನೀರನ್ನು ತಂದಿತೋ ಅವರಲ್ಲಿ ಅನೇಕರು ಇಲ್ಲಿ ಉಳಿಯಲಿಲ್ಲ, ಯಾರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲವೋ ಅವರು ಈ ಸೀಮೆಯನ್ನು ಕಟ್ಟಿದರು ಎಂಬುದು ಆ ಚರಿತ್ರೆಯ ಬಹುಮುಖ್ಯ ಸಂಗತಿ.

ಮರಂಬಿಜ್ಜಿ ನದಿಯ ಈ ದಂಡೆಗಳು ಮೂಲತಃ ವಿರಾಜುರಿ ಜನರ ನೆಲ. 1817ರಲ್ಲಿ ಸರ್ವೇಯರ್ ಜಾನ್ ಆಕ್ಸ್‌ಲಿ ಈ ಭಾಗವನ್ನು ದಾಟಿದಾಗ ಇದನ್ನು ವಾಸಕ್ಕೆ ಯೋಗ್ಯವಲ್ಲದ ಬರಡು ನೆಲವೆಂದು ತೀರ್ಮಾನಿಸಿದನಾದರೂ, ಅದೇ ನೆಲ ಸಾವಿರಾರು ವರ್ಷಗಳಿಂದ ಮೀನು, ಗೆಡ್ಡೆ, ಬೇಟೆಗಳಿಂದ ಜನರನ್ನು ಸಾಕಿತ್ತು. ಮುಂದಿನ ದಶಕಗಳಲ್ಲಿ ಕುರಿ ಸಾಕಣೆದಾರರು ನದಿಯ ಅಂಚಿನ ನೆಲವನ್ನೆಲ್ಲ ಆಕ್ರಮಿಸಿಕೊಂಡರು. 1830ರ ದಶಕದ ಕೊನೆಯಲ್ಲಿ ಮರಂಬಿಜ್ಜಿಯ ಉದ್ದಕ್ಕೂ ಘರ್ಷಣೆಗಳೂ ಹತ್ಯೆಗಳೂ ನಡೆದು ವಿರಾಜುರಿಗಳು ತಮ್ಮ ನೀರಿನ ನೆಲೆಗಳನ್ನು ಕಳೆದುಕೊಂಡರು. 1880ರಲ್ಲಿ ಪಾದ್ರಿ ಜಾನ್ ಗ್ರಿಬಲ್ ಡಾರ್ಲಿಂಗ್ಟನ್ ಪಾಯಿಂಟ್ ಬಳಿ ವಾರಂಗೆಸ್ಡಾ ಎಂಬ ಮಿಷನ್ ವಸತಿಯನ್ನು ತೆರೆದನು. ಅದು ಕೆಲವೇ ವರ್ಷಗಳಲ್ಲಿ ಮೂಲನಿವಾಸಿಗಳ ಮೇಲೆ ಅಧಿಕಾರ ನಡೆಸುತ್ತಿದ್ದ ಸರ್ಕಾರಿ ಮಂಡಳಿಯ ಕೈಸೇರಿ, 1920ರ ದಶಕದ ಮಧ್ಯಭಾಗದಲ್ಲಿ ಮುಚ್ಚಿದಾಗ ಅಲ್ಲಿದ್ದ ಕುಟುಂಬಗಳು ಚದುರಿಹೋದವು. ಅವುಗಳಲ್ಲಿ ಕೆಲವು ಗ್ರಿಫಿತ್‌ನ ಅಂಚಿಗೆ ಬಂದು, ನಾಲೆಯಿಂದ ಹಸಿರಾದ ತಮ್ಮದೇ ನೆಲದ ತೋಟಗಳಲ್ಲಿ ಹಣ್ಣು ಬಿಡಿಸುವ ಕೂಲಿಗಳಾದವು. ನೀರಾವರಿಯ ವಿಜಯವನ್ನು ಹೇಳುವ ಎಷ್ಟೋ ಬರಹಗಳಲ್ಲಿ ಈ ಕುಟುಂಬಗಳಿಗೆ ಜಾಗವಿಲ್ಲ; ಆದರೆ ಅವುಗಳನ್ನು ಬಿಟ್ಟು ಬರೆದ ಚರಿತ್ರೆ ಅಪೂರ್ಣ.

ನೀರನ್ನು ಹೊಲಕ್ಕೆ ತಿರುಗಿಸುವ ಆಲೋಚನೆಗೆ ಬಲ ಬಂದದ್ದು 1895ರಿಂದ 1902ರವರೆಗೆ ಪೂರ್ವ ಆಸ್ಟ್ರೇಲಿಯಾವನ್ನು ಕಾಡಿದ ದೀರ್ಘ ಬರದಲ್ಲಿ. ಅದಕ್ಕೂ ಮೊದಲೇ ನೆರೆಯ ವಿಕ್ಟೋರಿಯಾದಲ್ಲಿ ಆಲ್‌ಫ್ರೆಡ್ ಡೀಕಿನ್ ಎಂಬ ರಾಜಕಾರಣಿ 1886ರ ಕಾಯಿದೆಯ ಮೂಲಕ ನದಿಯ ನೀರಿನ ಹಕ್ಕನ್ನು ದಡದ ಜಮೀನುದಾರರಿಂದ ತೆಗೆದು ಸರ್ಕಾರಕ್ಕೆ ಒಪ್ಪಿಸುವ ತತ್ತ್ವವನ್ನು ನೆಲೆಗೊಳಿಸಿದ್ದನು. ಅವನ ಪ್ರೋತ್ಸಾಹದಿಂದ ಕ್ಯಾಲಿಫೋರ್ನಿಯಾದ ಚಾಫಿ ಸಹೋದರರು 1887ರಲ್ಲಿ ಮಿಲ್ಡೂರ ಮತ್ತು ರೆನ್‌ಮಾರ್ಕ್‌ಗಳಲ್ಲಿ ನೀರಾವರಿ ವಸಾಹತುಗಳನ್ನು ಆರಂಭಿಸಿದರು. ನೀರಾವರಿಯನ್ನು ಅಭ್ಯಸಿಸಲೆಂದೇ ಡೀಕಿನ್ 1890ರ ದಶಕದ ಆರಂಭದಲ್ಲಿ ಭಾರತಕ್ಕೂ ಬಂದು, ಇಲ್ಲಿನ ಅಣೆಕಟ್ಟು ಕಾಲುವೆಗಳನ್ನು ಕುರಿತು 1893ರಲ್ಲಿ ಪುಸ್ತಕವನ್ನೇ ಪ್ರಕಟಿಸಿದನು. ಭಾರತದ ನೀರಾವರಿ ವಿದ್ಯೆಯನ್ನು ಇಷ್ಟು ಶ್ರದ್ಧೆಯಿಂದ ಕಲಿತ ಇದೇ ವ್ಯಕ್ತಿ, 1901ರಲ್ಲಿ ಹೊಸ ಒಕ್ಕೂಟದ ಅಟಾರ್ನಿ ಜನರಲ್ ಆಗಿ, ಏಷ್ಯಾದವರನ್ನು ಆಸ್ಟ್ರೇಲಿಯಾದಿಂದ ಹೊರಗಿಡುವ ವಲಸೆ ನಿರ್ಬಂಧ ಕಾಯಿದೆಯ ಪರವಾಗಿ ವಾದಿಸಿದನೆಂಬುದನ್ನು ಮರೆಯಲಾಗದು.

ಮರಂಬಿಜ್ಜಿಯಲ್ಲಿ ದಾರಿ ತೋರಿಸಿದವನು ಐರ್ಲೆಂಡ್ ಮೂಲದ ಕುರಿ ಸಾಹುಕಾರ ಸ್ಯಾಮ್ಯುಯೆಲ್ ಮೆಕ್‌ಕಾಹಿ. ಶತಮಾನದ ತಿರುವಿನಲ್ಲಿ ನಾರ್ತ್ ಯಾಂಕೊ ಎಂಬ ವಿಶಾಲ ಜಮೀನನ್ನು ಕೊಂಡ ಅವನು ಸ್ವಂತ ಖರ್ಚಿನಲ್ಲಿ ಸುಮಾರು 320 ಕಿ.ಮೀ. ಉದ್ದದ ಕಾಲುವೆಗಳನ್ನು ತೋಡಿಸಿ, ಸುಮಾರು 40,000 ಎಕರೆಗೆ ನೀರುಣಿಸಿ, ಈ ಬಯಲು ಏನು ಬೆಳೆಯಬಲ್ಲದೆಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಿದನು. ಖಾಸಗಿ ವ್ಯಕ್ತಿಯೊಬ್ಬನ ಈ ಯಶಸ್ಸು ರಾಜ್ಯ ಸರ್ಕಾರದ ಹಿಂಜರಿಕೆಯನ್ನು ಕಳೆಯಿತು. 1906ರಲ್ಲಿ ಅಣೆಕಟ್ಟು ಮತ್ತು ನಾಲೆಗಳ ನಿರ್ಮಾಣಕ್ಕೆ ಕಾಯಿದೆಯಾಯಿತು. ಮರುವರ್ಷ ಪೂರ್ವದ ಬೆಟ್ಟಗಳಲ್ಲಿ ಬರಿಂಜಕ್ ಅಣೆಕಟ್ಟಿನ ಕೆಲಸ ಶುರುವಾಗಿ, ಯುದ್ಧ ಮತ್ತು ಪ್ರವಾಹಗಳ ನಡುವೆ ಕುಂಟುತ್ತ 1928ರಲ್ಲಿ ಮುಗಿಯಿತು. ಅಣೆಕಟ್ಟು ಪೂರ್ಣಗೊಳ್ಳುವುದನ್ನು ಕಾಯದೆ, ಬೆರೆಂಬೆಡ್‌ನಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಮುಖ್ಯ ನಾಲೆಗೆ ನೀರು ತಿರುಗಿಸಿ, 1912ರಲ್ಲಿಯೇ ಮೊದಲ ಜಮೀನುಗಳಿಗೆ ನೀರು ಬಿಡಲಾಯಿತು.

ನಾಲೆ ಹೋದಲ್ಲಿ ಊರು ಬೇಕಾಯಿತು. ಆಗತಾನೆ ರಾಜಧಾನಿ ಕ್ಯಾನ್‌ಬೆರಾದ ವಿನ್ಯಾಸಕ್ಕಾಗಿ ಆಯ್ಕೆಯಾಗಿದ್ದ ಅಮೆರಿಕದ ವಾಸ್ತುಶಿಲ್ಪಿ ವಾಲ್ಟರ್ ಬರ್ಲಿ ಗ್ರಿಫಿನ್‌ನಿಂದಲೇ ಲೀಟನ್ ಮತ್ತು ಗ್ರಿಫಿತ್ ಎಂಬ ಎರಡು ಪಟ್ಟಣಗಳ ನಕ್ಷೆಯನ್ನು ಸರ್ಕಾರ ಬರೆಸಿತು. 1916ರಲ್ಲಿ ಘೋಷಣೆಯಾದ ಗ್ರಿಫಿತ್‌ಗೆ ಹೆಸರು ಬಂದದ್ದು ಈ ವಾಸ್ತುಶಿಲ್ಪಿಯಿಂದಲ್ಲ, ಲೋಕೋಪಯೋಗಿ ಸಚಿವನಾಗಿದ್ದ ಆರ್ಥರ್ ಗ್ರಿಫಿತ್‌ನಿಂದ. ವೃತ್ತಾಕಾರದ ಬೀದಿಗಳೂ ಅವುಗಳಿಂದ ಕಿರಣಗಳಂತೆ ಹೊರಡುವ ರಸ್ತೆಗಳೂ ಆ ನಕ್ಷೆಯಲ್ಲಿದ್ದವು. ಅದು ಪೂರ್ತಿಯಾಗಿ ಎಂದೂ ಈಡೇರಲಿಲ್ಲವಾದರೂ, ಇಂದಿಗೂ ಪಟ್ಟಣದ ನಡುವೆ ಹಾಯುವ ಮುಖ್ಯ ನಾಲೆಯ ಆಚೀಚೆ ನಿಂತು ನೋಡುವವರಿಗೆ ಅದರ ಬಾಗು ಬೀದಿಗಳು ಕಾಣುತ್ತವೆ. ಈ ಭವ್ಯ ನಕ್ಷೆಗೆ ಮೊದಲು ಅಲ್ಲಿ ಇದ್ದದ್ದು ನಾಲೆ ತೋಡುವ ಕೂಲಿಕಾರರು ಖಾಲಿ ಸಿಮೆಂಟ್ ಚೀಲಗಳಿಂದ ಗೋಡೆ ಮಾಡಿಕೊಂಡು ಬದುಕಿದ ಗುಡಿಸಲುಗಳ ಊರು. ಅದನ್ನು ಬ್ಯಾಗ್‌ಟೌನ್ ಎಂದೇ ಕರೆಯುತ್ತಿದ್ದರು. ಗ್ರಿಫಿತ್‌ನ ನಿಜವಾದ ಸ್ಥಾಪಕರನ್ನು ಹುಡುಕುವವರು ಸಚಿವರ ಪಟ್ಟಿಗಿಂತ ಬ್ಯಾಗ್‌ಟೌನ್‌ನ ಹಳೆಯ ಸ್ಮಶಾನವನ್ನು ಮೊದಲು ನೋಡುವುದು ಉಚಿತ.

ಯೋಜನೆ ಬಯಸಿದ್ದು ಸಣ್ಣ ಹಿಡುವಳಿಯ, ಬ್ರಿಟಿಷ್ ಮೂಲದ, ಹಣ್ಣು ಮತ್ತು ಹೈನಿನಿಂದ ಬದುಕುವ ಕುಟುಂಬಗಳನ್ನು. ಮೊದಲ ಮಹಾಯುದ್ಧ ಮುಗಿದ ಮೇಲೆ ಮರಳಿದ ಸೈನಿಕರಿಗೆ ಇಲ್ಲಿ ಜಮೀನು ಕೊಟ್ಟು ನೆಲೆಗೊಳಿಸಲಾಯಿತು. ಕೃಷಿಯ ಅನುಭವವಿಲ್ಲದೆ, ಸರ್ಕಾರದ ಸಾಲವನ್ನು ಹೊತ್ತು, ಫಲ ಬಿಡಲು ವರ್ಷಗಟ್ಟಲೆ ಕಾಯಿಸುವ ಹಣ್ಣಿನ ಗಿಡಗಳನ್ನು ನೆಟ್ಟ ಈ ಸೈನಿಕರಲ್ಲಿ ಅನೇಕರು, ಫಲ ಬರುವ ಹೊತ್ತಿಗೆ ಬೆಲೆ ಕುಸಿದದ್ದನ್ನು ಕಂಡು ಜಮೀನು ಬಿಟ್ಟು ಹೊರಟರು. ಮಣ್ಣು ಕೂಡ ಕೈಕೊಟ್ಟಿತು: ಬಸಿಗಾಲುವೆಗಳಿಲ್ಲದೆ ನೀರು ಹಾಯಿಸಿದಂತೆಲ್ಲ ಅಂತರ್ಜಲ ಮೇಲೇರಿ ಬೇರು ಕೊಳೆಯುವ ಜವಳು, ಆ ನೀರಿನ ಜೊತೆ ಉಪ್ಪು ಮೇಲೆದ್ದು ನೆಲವನ್ನು ಕೆಡಿಸುವ ಸವಳು, ಎರಡೂ ತೋಟಗಳನ್ನು ಹಿಡಿದವು. 1924ರಲ್ಲಿ ಆರಂಭವಾದ ಭತ್ತದ ಬೇಸಾಯ ಜಿಗುಟು ಮಣ್ಣಿನ ಜಮೀನುಗಳಿಗೆ ಹೊಸ ಆದಾಯವನ್ನು ತಂದಿತಾದರೂ ನೆಲದಡಿಯ ನೀರನ್ನು ಇನ್ನಷ್ಟು ಏರಿಸಿತು. ಈ ಸೋಲಿಗೆ ಸೈನಿಕರನ್ನು ದೂಷಿಸುವುದು ಅನ್ಯಾಯ. ನೀರು ಕೊಡುವುದನ್ನು ಯೋಚಿಸಿದ ಸರ್ಕಾರ ನೀರು ಬಸಿಯುವುದನ್ನು ಯೋಚಿಸಿರಲಿಲ್ಲ.

ಅವರು ಬಿಟ್ಟುಹೋದ ಜಮೀನುಗಳನ್ನು ಹಿಡಿದವರು ಇಟಲಿಯವರು. ಬ್ರೋಕನ್ ಹಿಲ್‌ನ ಗಣಿಗಳಲ್ಲಿ ದುಡಿಯುತ್ತಿದ್ದ ಕೆಲವರು ನಾಲೆಯ ಕೆಲಸದ ಸುದ್ದಿ ಕೇಳಿ ಮೊದಲ ಯುದ್ಧಕ್ಕೂ ಮುಂಚೆಯೇ ಬಂದಿದ್ದರು. 1920ರ ದಶಕದಲ್ಲಿ ಅವರ ಹಿಂದೆ ಉತ್ತರದ ವೆನೆಟೊ ಪ್ರಾಂತದವರೂ ದಕ್ಷಿಣದ ಕಲಾಬ್ರಿಯಾದವರೂ ಒಬ್ಬರನ್ನೊಬ್ಬರು ಕರೆಸಿಕೊಳ್ಳುತ್ತ ಬಂದರು. ಒಬ್ಬ ಸಂಬಂಧಿಕ ಮೊದಲು ಬಂದು, ದುಡಿದು, ಊರಿನ ಮತ್ತೊಬ್ಬನಿಗೆ ಹಡಗಿನ ಖರ್ಚು ಕೊಟ್ಟು ಕರೆಸುವ ಈ ಪದ್ಧತಿಯನ್ನು ವಲಸೆಯ ಇತಿಹಾಸಕಾರರು ಸರಪಳಿ ವಲಸೆ ಎನ್ನುತ್ತಾರೆ. ಮನೆಮಂದಿಯೆಲ್ಲ ಹೊಲದಲ್ಲಿ ದುಡಿದು, ತಿನ್ನುವ ತರಕಾರಿಯನ್ನು ತಾವೇ ಬೆಳೆದು, ಕುಡಿಯುವ ವೈನ್ ಅನ್ನು ತಾವೇ ಹಿಂಡಿಕೊಳ್ಳುತ್ತಿದ್ದ ಈ ಕುಟುಂಬಗಳಿಗೆ, ಸೈನಿಕರನ್ನು ಮುಳುಗಿಸಿದ ಸಣ್ಣ ಹಿಡುವಳಿಯೇ ಬದುಕಾಯಿತು. 1924ರಲ್ಲಿ ಟ್ರೆವಿಸೊ ಬಳಿಯ ಕಾಸ್ಟೆಲ್‌ಕುಕ್ಕೊ ಎಂಬ ಹಳ್ಳಿಯಿಂದ ಬಂದ ವಿಟ್ಟೋರಿಯೊ ಡಿ ಬಾರ್ಟೊಲಿ ಕೂಲಿ ಮಾಡಿ ಗ್ರಿಫಿತ್ ಬಳಿಯ ಬಿಲ್‌ಬುಲ್‌ನಲ್ಲಿ ತೋಟ ಕೊಂಡು, 1928ರಲ್ಲಿ ಶಿರಾಜ್ ದ್ರಾಕ್ಷಿಗೆ ಕೊಳ್ಳುವವರಿಲ್ಲದೆ ಬೆಳೆ ವ್ಯರ್ಥವಾಗುವ ಸ್ಥಿತಿ ಬಂದಾಗ ಅದನ್ನು ತಾನೇ ಹಿಂಡಿ ವೈನ್ ಮಾಡಿದನು. ಇಂದು ದೇಶದ ದೊಡ್ಡ ಕೌಟುಂಬಿಕ ವೈನ್ ಸಂಸ್ಥೆಗಳಲ್ಲಿ ಒಂದಾಗಿರುವ ಡಿ ಬಾರ್ಟೊಲಿಯ ಆರಂಭ ಅದೇ.

ಸ್ವೀಕಾರ ಮಾತ್ರ ಸುಲಭವಾಗಿ ದೊರೆಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಟಲಿ ಶತ್ರುರಾಷ್ಟ್ರವಾದಾಗ ಇಲ್ಲಿನ ಹಲವು ಇಟಾಲಿಯನ್ನರನ್ನು ಬಂಧನ ಶಿಬಿರಗಳಿಗೆ ಒಯ್ಯಲಾಯಿತು, ಅವರು ಜಮೀನು ಕೊಳ್ಳುವುದಕ್ಕೆ ನಿರ್ಬಂಧವನ್ನೂ ಹಾಕಲಾಯಿತು. ಪಟ್ಟಣದ ಮೇಲಿನ ಗುಡ್ಡದಲ್ಲಿ ವಲೇರಿಯೊ ರಿಚೆಟ್ಟಿ ಎಂಬ ಏಕಾಂಗಿ ವಲಸಿಗ 1929ರಿಂದ ಕಲ್ಲಿನ ಗೋಡೆ, ಮೆಟ್ಟಿಲು, ತೋಟಗಳನ್ನು ಒಂಟಿಯಾಗಿ ಕಟ್ಟಿಕೊಂಡು ಬದುಕಿದ್ದನು. ಅವನನ್ನೂ ಈ ಬಂಧನ ಬಿಡಲಿಲ್ಲ. ಅವನ ಗುಹಾವಸತಿ ಈಗ ರಾಜ್ಯದ ರಕ್ಷಿತ ಪಾರಂಪರಿಕ ತಾಣ, ಗ್ರಿಫಿತ್‌ಗೆ ಬರುವವರು ತಪ್ಪದೆ ನೋಡಬೇಕಾದದ್ದು.

ದ್ರಾಕ್ಷಿಯನ್ನು ಮೊದಲು ತಂದವರು ಇಟಾಲಿಯನ್ನರಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕೊರೋವಾದಲ್ಲಿ 1877ರಿಂದ ದ್ರಾಕ್ಷಿ ಬೆಳೆಯುತ್ತಿದ್ದ ಮೆಕ್‌ವಿಲಿಯಂ ಕುಟುಂಬದ ಜಾನ್ ಜೇಮ್ಸ್ ಮೆಕ್‌ವಿಲಿಯಂ ನಾಲೆಯ ನೀರು ಬಂದೊಡನೆಯೇ ಗ್ರಿಫಿತ್ ಬಳಿಯ ಹ್ಯಾನ್‌ವುಡ್‌ನಲ್ಲಿ ಬಳ್ಳಿ ನಾಟಿ ಮಾಡಿ, 1917ರಲ್ಲಿ ವೈನರಿಯನ್ನು ತೆರೆದನು. ಆ ಕಾಲದ ಉತ್ಪನ್ನ ಬಹುಮಟ್ಟಿಗೆ ಬಲವರ್ಧಿತ ವೈನ್, ಅಂದರೆ ಹುದುಗುವಿಕೆಯ ನಡುವೆ ದ್ರಾಕ್ಷಿಯ ಬಟ್ಟಿ ಮದ್ಯವನ್ನು ಬೆರೆಸಿ ಸಿಹಿಯನ್ನೂ ಅಮಲನ್ನೂ ಉಳಿಸಿಕೊಂಡದ್ದು. ಊಟದ ಜೊತೆ ಕುಡಿಯುವ ತೆಳು ವೈನ್ ಇಟಾಲಿಯನ್ ಮನೆಗಳ ವಾಡಿಕೆಯಾಗಿತ್ತೇ ಹೊರತು ದೇಶದ ರೂಢಿಯಾಗಿರಲಿಲ್ಲ; ಅದು ದೇಶದ ರುಚಿಯಾಗಲು 1960 ಮತ್ತು 70ರ ದಶಕಗಳು ಬರಬೇಕಾಯಿತು. ಅಗ್ಗದ ವೈನ್‌ನ ಸೀಮೆಯೆಂಬ ಹೆಸರು ಗ್ರಿಫಿತ್‌ಗೆ ಅಂಟಿಕೊಂಡಿದ್ದಾಗ, 1982ರಲ್ಲಿ ವಿಟ್ಟೋರಿಯೊನ ಮೊಮ್ಮಗ ಡ್ಯಾರನ್ ಡಿ ಬಾರ್ಟೊಲಿ, ಬಾಟ್ರೈಟಿಸ್ ಎಂಬ ಶಿಲೀಂಧ್ರ ತಗುಲಿ ನೀರಿನಂಶ ಕಳೆದುಕೊಂಡ, ಸಕ್ಕರೆ ಸಾಂದ್ರವಾದ ಸೆಮಿಯಾನ್ ದ್ರಾಕ್ಷಿಯಿಂದ ನೋಬಲ್ ಒನ್ ಎಂಬ ಸಿಹಿ ವೈನ್ ತಯಾರಿಸಿ ಜಗತ್ತಿನ ಮನ್ನಣೆ ಗಳಿಸಿದನು. ಗ್ರಿಫಿತ್ ಸಮೀಪದ ಯೆಂಡಾದಲ್ಲಿ ನೆಲೆಸಿದ ಸಿಸಿಲಿ ಮೂಲದ ಕಸೆಲ್ಲಾ ಕುಟುಂಬ 2001ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಿಟ್ಟ ಯೆಲ್ಲೋ ಟೇಲ್ ಕೆಲವೇ ವರ್ಷಗಳಲ್ಲಿ ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ಆಮದು ವೈನ್‌ಗಳ ಸಾಲಿಗೆ ಸೇರಿತು.

ನೀರಿನ ಪ್ರಶ್ನೆ ಮಾತ್ರ ಮುಗಿಯಲಿಲ್ಲ. 1949ರಿಂದ 1974ರವರೆಗೆ ನಡೆದ ಸ್ನೋವಿ ಪರ್ವತಗಳ ಯೋಜನೆಯಿಂದ ಮರಂಬಿಜ್ಜಿಗೆ ಹೆಚ್ಚುವರಿ ನೀರು ಸೇರಿದರೂ, ನದಿಯಿಂದ ತೆಗೆಯುವ ನೀರು ಹೆಚ್ಚುತ್ತ ಹೋಗಿ 1995ರಲ್ಲಿ, ಮರಂಬಿಜ್ಜಿಯೂ ಸೇರಿರುವ ಇಡೀ ಮರ್ರಿ-ಡಾರ್ಲಿಂಗ್ ಕೊಳ್ಳದಲ್ಲಿ ಅದಕ್ಕೆ ಮಿತಿ ಹಾಕಬೇಕಾಯಿತು. ನದಿಯ ಜೀವಕ್ಕಾಗಿ ನೀರಾವರಿಯ ಪಾಲನ್ನು ಇನ್ನಷ್ಟು ಕಡಿತಗೊಳಿಸುವ ಪ್ರಸ್ತಾವ 2010ರಲ್ಲಿ ಹೊರಬಿದ್ದಾಗ ಗ್ರಿಫಿತ್‌ನ ಜನ ಅದರ ಪ್ರತಿಗಳನ್ನು ಬಹಿರಂಗವಾಗಿ ಸುಟ್ಟರು. 2012ರಲ್ಲಿ ಕಡಿತದ ಯೋಜನೆ ಕಾನೂನಾಯಿತು. ರೈತರ ಆತಂಕ ನಿಜ, ನದಿಯ ಬಳಲಿಕೆಯೂ ಅಷ್ಟೇ ನಿಜ. ಅದರ ಬೆನ್ನಿಗೆ 2020ರಲ್ಲಿ ಚೀನಾ ಆಸ್ಟ್ರೇಲಿಯಾದ ವೈನ್ ಮೇಲೆ ವಿಧಿಸಿದ ಭಾರಿ ಸುಂಕದಿಂದ ಕೆಂಪು ವೈನ್ ಗೋದಾಮುಗಳಲ್ಲಿ ಉಳಿದು, 2024ರಲ್ಲಿ ಸುಂಕ ತೆರವಾಗುವ ಹೊತ್ತಿಗೆ ಅನೇಕ ಬೆಳೆಗಾರರು ಬಳ್ಳಿಗಳನ್ನು ಬೇರುಸಹಿತ ಕೀಳತೊಡಗಿದ್ದರು.

ಇದರ ನಡುವೆಯೇ ಗ್ರಿಫಿತ್‌ನ ಜನಸಮುದಾಯ ಮತ್ತೊಮ್ಮೆ ಬದಲಾಗುತ್ತಿದೆ. ವಲಸೆಯಲ್ಲಿ ಬಣ್ಣ ನೋಡುವ ನೀತಿ 1973ರ ಹೊತ್ತಿಗೆ ಕೊನೆಗೊಂಡ ಮೇಲೆ, ತೋಟದ ಕೆಲಸಕ್ಕೆಂದು ಬಂದ ಪಂಜಾಬಿನ ಸಿಖ್ ಕುಟುಂಬಗಳು ಇಲ್ಲಿಯೇ ನೆಲೆಸಿ ಗುರುದ್ವಾರವನ್ನು ಕಟ್ಟಿಕೊಂಡಿವೆ. ಪ್ರತಿವರ್ಷ ಜೂನ್‌ನಲ್ಲಿ ಅವರು ನಡೆಸುವ ಶಹೀದಿ ಕ್ರೀಡಾಕೂಟಕ್ಕೆ ದೇಶದ ನಾನಾ ಕಡೆಗಳಿಂದ ಜನ ಬಂದು ಕಬಡ್ಡಿ ನೋಡುತ್ತಾರೆ, ಸಿಖ್ಖೇತರರೂ ಸಾಲಾಗಿ ಕುಳಿತು ಲಂಗರ್ ಎಂಬ ಸಾಮೂಹಿಕ ಊಟ ಮಾಡುತ್ತಾರೆ.