ಕಾಗದದ ಮೊಗ ಮತ್ತು ಮೂರ್ತಿಕಲೆ: ಜಮಖಂಡಿ ಸೀಮೆ

ಹಳೆಯ ಕಾಗದವನ್ನು ನೆನೆಯಿಟ್ಟು ಅಂಟಿನೊಡನೆ ಅರೆದು, ಅಥವಾ ಹಾಳೆಹಾಳೆಯಾಗಿ ಅಚ್ಚಿನ ಮೇಲೆ ಮೆತ್ತಿ ಒಣಗಿಸಿ, ಬಣ್ಣವಿಟ್ಟು ಸಿದ್ಧಗೊಳಿಸುವ ಕಲೆ. ಮೆಕ್ಸಿಕೊ ದೇಶದಲ್ಲಿ ಇದಕ್ಕೆ ವಿಶೇಷ ಪ್ರಸಿದ್ಧಿ. ಅಲ್ಲಿ ಈಸ್ಟರಿನ ಹಿಂದಿನ ದಿನ ಸುಡುವ, ಯೇಸುವಿಗೆ ದ್ರೋಹವೆಸಗಿದ ಯೂದನ ಪ್ರತಿಕೃತಿಗಳನ್ನು ಕಾಗದದಿಂದ ಕಟ್ಟುತ್ತಿದ್ದ ಪೆದ್ರೊ ಲಿನಾರೆಸ್ (1906-1992) ಎಂಬ ಕುಶಲಿಯು, 1936ರ ಸುಮಾರಿಗೆ ರೋಗಶಯ್ಯೆಯಲ್ಲಿ ಕಂಡ ಸ್ವಪ್ನದ ವಿಚಿತ್ರ ಮೃಗಗಳನ್ನು, ರೆಕ್ಕೆಯುಳ್ಳ ಕತ್ತೆಯನ್ನೂ ಕೋಡುಳ್ಳ ಹುಂಜವನ್ನೂ, ಕಾಗದದಲ್ಲಿ ಮೂಡಿಸಿ 'ಅಲೆಬ್ರಿಹೆ' ಎಂದು ಹೆಸರಿಟ್ಟನು. 1990ರಲ್ಲಿ ರಾಷ್ಟ್ರೀಯ ಪ್ರಶಸ್ತಿಗೆ ಪಾತ್ರನಾದನು. ದಹಿಸಲೆಂದೇ ಹುಟ್ಟಿದ ವಸ್ತು ಸಂಗ್ರಹಾಲಯ ಸೇರಿದ ಬಗೆಯಿದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಸುಡಿಸಿಕೊಳ್ಳುವವನು ಯೂದನಲ್ಲ, ಕಾಮಣ್ಣ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳಗಳು 1948ರವರೆಗೆ ಸಂಸ್ಥಾನಗಳಾಗಿದ್ದು, ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದಿತಾದರೂ, ಹೋಳಿಹುಣ್ಣಿಮೆಗೆ ಈ ಗಡಿಗಳು ಅಡ್ಡಬರಲಿಲ್ಲ. ಹುಡುಗರು ಕದ್ದು ತಂದ ಕಟ್ಟಿಗೆ, ಕುಳ್ಳುಗಳ ನಡುವೆ ಕಾಮನು ಬೂದಿಯಾಗುವನು. ಹಲಗಿಯ ಸದ್ದಿಗೆ ಸೋಗುಗಳು ಹೊರಡುವವು. ನೆರೆಯ ಬಾಗಲಕೋಟೆಯ ಸೋಗಿನ ಬಂಡಿಗಳು ಪ್ರಸಿದ್ಧವೇ ಆಗಿವೆ. ಜಾತ್ರೆಯಂಗಡಿಗಳ ಹುಲಿ, ಹನುಮಂತರ ಕಾಗದದ ಮೊಗಗಳು ಮಕ್ಕಳ ಪಾಲಿನವು. ಮೊಹರಮ್ಮಿನ ತಾಬೂತುಗಳಾದರೋ ಬಿದಿರಿನ ದಬ್ಬೆಯ ಮೇಲೆ ಬಣ್ಣದ ಕಾಗದ, ಬೇಗಡೆಗಳಿಂದ ಗೋಪುರದಂತೆ ಏಳುವವು.

ಕಾಗದದ ಮುದ್ದೆಯನ್ನು ನಿಜವಾಗಿ ಪಳಗಿಸಿದವರು, ಈ ಲೇಖಕನ ಮತದಲ್ಲಿ, ಉತ್ತರ ಕರ್ನಾಟಕದ ಗೃಹಿಣಿಯರು. ರದ್ದಿ ಕಾಗದವನ್ನು ಕೆಲದಿನ ನೀರಿನಲ್ಲಿ ಕೊಳೆಯಿಟ್ಟು, ನೆನೆದ ಮೆಂತ್ಯದೊಡನೆ ಒರಳಿನಲ್ಲಿ ನುಣ್ಣಗೆ ರುಬ್ಬಿ, ಬೋರಲು ಹಾಕಿದ ಕೊಡದ ಬೆನ್ನಿಗೆ ಅಂಗೈಯಿಂದ ತಟ್ಟುತ್ತ ಹಬ್ಬಿಸಿ, ಬಿಸಿಲಿಗೆ ಒಣಗಿದ ಮೇಲೆ ಬಿಡಿಸಿದರೆ ಕಾಳುಕಡಿ ತುಂಬಿಡಲು ಹಗುರವಾದ ಬುಟ್ಟಿ ಸಿದ್ಧ. ಮೆಂತ್ಯದ ಲೋಳೆಯೇ ಅಂಟು. ಅದರ ಕಹಿಯೇ ಹುಳಕ್ಕೆ ಶತ್ರು. ಮೆಕ್ಸಿಕೊದ ಕುಶಲಿಯು ಹಿಟ್ಟಿನ ಅಂಟಿನಿಂದ ಸಾಧಿಸುವುದನ್ನೇ ಇವರು ಅಡುಗೆಮನೆಯ ಡಬ್ಬಿಯಿಂದ ಸಾಧಿಸಿದರು. ಆದರೆ ಬುಟ್ಟಿಗೆ ಕಣ್ಣುಮೂಗು ಬರೆಯುವ ಗೋಜಿಗೆ ಹೋಗಲಿಲ್ಲ.

ಕೊಪ್ಪಳ ಸಮೀಪದ ಕಿನ್ನಾಳದಲ್ಲಿ ಇತಿಹಾಸ ಬೇರೆ ದಾರಿ ಹಿಡಿಯಿತು. ಅಲ್ಲಿಯ ಚಿತ್ರಗಾರರು ಹಗುರವಾದ ಮರದ ಮೂರ್ತಿಗಳ ಸಂದುಗಳನ್ನು ಸೆಣಬಿನ ಚೂರು, ಮರದ ಪುಡಿ, ಹುಣಸೆಬೀಜದ ಅಂಟು ಸೇರಿಸಿದ 'ಕಿಟ್ಟ'ದಿಂದ ಬೆಸೆದು ದೇವಾಲಯದ ವಾಹನಗಳನ್ನೂ ಮುಖವಾಡಗಳನ್ನೂ ನಿರ್ಮಿಸಿದರು. ಬಾಳಿಕೆಯನ್ನು ಬಯಸುವ ದೇವಾಲಯ ಅವರ ಪೋಷಕನಾಗಿದ್ದಿತು. ಜಮಖಂಡಿ ಸೀಮೆಯ ಕಾಗದಕ್ಕೆ ಒಡೆಯನಾಗಿದ್ದುದು ಹಬ್ಬ. ಅದು ಮುಗಿದೊಡನೆ ಕಾಮ ಉರಿಯುವನು, ತಾಬೂತು ವಿಸರ್ಜನೆಯಾಗುವುದು, ಮುಂದಿನ ವರ್ಷ ಮತ್ತೆ ಹೊಸದನ್ನೇ ಕಟ್ಟಬೇಕು.