ಕುಲುಮೆಯಲ್ಲಿ ಹುಟ್ಟಿದ ವಾಹನಗಳು

ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗ ತಾಲ್ಲೂಕುಗಳ ಹಾದಿಯಲ್ಲಿ ಸುಗ್ಗಿಯ ಕಾಲಕ್ಕೆ ಟ್ರ್ಯಾಕ್ಟರುಗಳ ಸಾಲು ಕಾಣದ ದಿನವಿಲ್ಲ. ಹೊಲಕ್ಕೆ ಗೊಬ್ಬರ, ಪೇಟೆಗೆ ಭತ್ತ ಮತ್ತು ಹತ್ತಿ, ಮನೆ ಕಟ್ಟುವವರಿಗೆ ಮರಳು, ಜಾತ್ರೆಗೆ ಜನ, ಎಲ್ಲವೂ ಟ್ರ್ಯಾಕ್ಟರಿನ ಹಿಂದಿನ ಟ್ರಾಲಿಯಲ್ಲೇ ಸಾಗಬೇಕು. ಟ್ರ್ಯಾಕ್ಟರು ದೂರದ ಕಾರ್ಖಾನೆಯಿಂದ ಬಂದದ್ದು. ಅದು ಎಳೆಯುವ ಟ್ರಾಲಿ ಮಾತ್ರ ಅನೇಕ ವೇಳೆ ಹತ್ತಿರದ ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟಿದ್ದು. ಕುರ್ಡಿಯಂಥ ಊರಿನ ರೈತ ತನ್ನ ಹೊಲದ ದಾರಿ, ಹೊರಬೇಕಾದ ಭಾರ, ಕೈಯಲ್ಲಿರುವ ಹಣ ಮೂರನ್ನೂ ಹೇಳುತ್ತಾನೆ. ಅಂಗಡಿಯವನು ಕಬ್ಬಿಣ ಕತ್ತರಿಸಿ, ಬಗ್ಗಿಸಿ, ಬೆಸೆದು ಕೊಡುತ್ತಾನೆ.

ಹೇಳಿ ಮಾಡಿಸಿದ ಈ ವಾಹನಕ್ಕೆ ಉದ್ದವಾದ ಚರಿತ್ರೆಯಿದೆ. ಎತ್ತಿನ ಬಂಡಿಯ ಗಾಲಿಯಿಂದ ಹೊರಟು, ಅಮೆರಿಕದ ರೈತರ ಪಿಕಪ್ ಟ್ರಕ್ಕನ್ನು ಹಾದು, ಸುಪ್ರೀಂ ಕೋರ್ಟಿನ ಬಾಗಿಲವರೆಗೂ ಹೋಗುವ ಚರಿತ್ರೆ ಅದು. ಅದರುದ್ದಕ್ಕೂ ಒಂದೇ ಪ್ರಶ್ನೆ ಕೇಳಿಬರುತ್ತದೆ: ಕೈಯಿಂದ ಕಟ್ಟಿದ ವಾಹನ ಗಟ್ಟಿಯಾಗಿದೆ ಎಂದು ಹೇಳುವವರು ಯಾರು?

ಬೆಂಕಿ ಬಿಗಿದ ಗಾಲಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಪ್ರದೇಶಕ್ಕೆ ಕಬ್ಬಿಣ ಹಳೆಯ ನೆಂಟ. 1954ರಲ್ಲಿ ಬಿ.ಕೆ. ಥಾಪರ್ ಅವರು ಮಸ್ಕಿಯಲ್ಲಿ ನಡೆಸಿದ ಉತ್ಖನನ ನವಶಿಲಾಯುಗದ ನೆಲೆಯ ಮೇಲೆ ಕಬ್ಬಿಣ ಬಳಸುತ್ತಿದ್ದ ಬೃಹತ್ ಶಿಲಾ ಸಮಾಧಿ ಕಾಲದ ಜನರ ನೆಲೆಯನ್ನು ತೋರಿಸಿಕೊಟ್ಟಿತು. ನೇಗಿಲ ಕುಳ, ಕೂರಿಗೆಯ ಮೊನೆ, ಕುಂಟೆಯ ಅಲಗುಗಳನ್ನು ಹದ ಮಾಡಿಕೊಟ್ಟ ಕಮ್ಮಾರರ ಕಸುಬು ಇಲ್ಲಿನ ಎರೆಭೂಮಿಯ ಬೇಸಾಯದಷ್ಟೇ ಹಳೆಯದು. ಈ ಕಸುಬಿನ ಅತಿ ನಾಜೂಕಿನ ಕೆಲಸವೆಂದರೆ ಬಂಡಿಯ ಗಾಲಿಗೆ ಹಳಿ ಹಾಕುವುದು.

ಮರದ ಗಾಲಿ ಬಡಿಗನ ಸೃಷ್ಟಿ. ನಡುವೆ ಗುಂಭ, ಗುಂಭದಿಂದ ಹೊರಟ ಅರೆಗಳು, ಅರೆಗಳ ತುದಿಗೆ ಸುತ್ತಲೂ ಕೂಡಿಸಿದ ಬಾಗಿದ ಮರದ ತುಂಡುಗಳು. ಇಷ್ಟನ್ನೂ ಒಂದಾಗಿ ಹಿಡಿದಿಡುವುದು ಹೊರಗಿನ ಕಬ್ಬಿಣದ ಪಟ್ಟಿ, ಅಂದರೆ ಹಳಿ. ಕಮ್ಮಾರ ಗಾಲಿಯ ಸುತ್ತಳತೆ ತೆಗೆದು, ಅದಕ್ಕಿಂತ ತುಸು ಕಡಿಮೆ ಅಳತೆಗೆ ಪಟ್ಟಿಯನ್ನು ಬಳೆಯಂತೆ ಬಗ್ಗಿಸಿ ತುದಿಗಳನ್ನು ಬೆಸೆಯುತ್ತಿದ್ದ. ಹೀಗೆ ಮಾಡಿದ ಬಳೆ ತಣ್ಣಗಿರುವಾಗ ಗಾಲಿಗೆ ಕೂರುವುದೇ ಇಲ್ಲ. ಅದನ್ನು ನೆಲದ ಮೇಲಿಟ್ಟು ಸುತ್ತಲೂ ಕುಳ್ಳು, ಕಟ್ಟಿಗೆ ಒಟ್ಟಿ ಉರಿ ಹಚ್ಚಬೇಕು. ಕೆಂಪಗೆ ಕಾದ ಹಳಿಯನ್ನು ಇಕ್ಕಳದಲ್ಲಿ ಹಿಡಿದು ಗಾಲಿಯ ಮೇಲೆ ಕೂರಿಸಿ, ಮರಕ್ಕೆ ಉರಿ ಹತ್ತುವ ಮುನ್ನ ನೀರು ಸುರಿಯಬೇಕು. ತಣಿಯುತ್ತಾ ಕುಗ್ಗುವ ಕಬ್ಬಿಣ ಗಾಲಿಯ ಪ್ರತಿಯೊಂದು ಸಂದನ್ನೂ ಅವುಚಿಕೊಂಡು ಬಿಗಿಯುತ್ತದೆ.

ಇದರ ಹಿಂದಿನ ಲೆಕ್ಕ ಸರಳ. ಒಂದು ಡಿಗ್ರಿ ಸೆಲ್ಸಿಯಸ್ ಶಾಖ ಏರಿದರೆ ಉಕ್ಕು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ನಾಲ್ಕೂವರೆ ಮೀಟರ್ ಸುತ್ತಳತೆಯ ಹಳಿಯನ್ನು 500 ಡಿಗ್ರಿಯಷ್ಟು ಕಾಯಿಸಿದರೆ ಅದು ಸುಮಾರು 27 ಮಿಲಿಮೀಟರ್, ಅಂದರೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು ಹಿಗ್ಗುತ್ತದೆ. ಕಮ್ಮಾರನ ಇಡೀ ಜಾಣ್ಮೆ ಈ ಒಂದು ಅಂಗುಲದೊಳಗೆ ಅಡಗಿತ್ತು. ಹಳಿ ದೊಡ್ಡದಾದರೆ ಸಡಿಲ, ತೀರಾ ಚಿಕ್ಕದಾದರೆ ಅರೆಗಳು ಸೊಟ್ಟಗಾಗಿ ಗಾಲಿಯೇ ಕೆಡುತ್ತದೆ. ಪುಸ್ತಕ ಓದದೆಯೇ ಅವನು ಈ ಲೆಕ್ಕವನ್ನು ಕಾದ ಕಬ್ಬಿಣದ ಬಣ್ಣ ನೋಡಿ ಮಾಡುತ್ತಿದ್ದ.

ಆಯ ಕೊಟ್ಟವರು ಕೇಳುತ್ತಿದ್ದರು

ಈ ಕೆಲಸಕ್ಕೆ ಆಗಾಗ ಕೂಲಿ ಕೊಡುವ ಪದ್ಧತಿ ಇರಲಿಲ್ಲ. ಸುಗ್ಗಿಯ ಕಣದಲ್ಲಿ ಕಮ್ಮಾರನಿಗೂ ಬಡಿಗನಿಗೂ ಇಂತಿಷ್ಟು ಕಾಳು ಅಳೆದು ಕೊಡುವುದು ರೂಢಿ. ಅದೇ ಆಯ. ಪ್ರತಿಯಾಗಿ ವರ್ಷವಿಡೀ ಆ ರೈತನ ಮುಟ್ಟುಗಳ ರಿಪೇರಿ ಅವರ ಹೊಣೆ. ಈ ವ್ಯವಸ್ಥೆಯಲ್ಲಿ ಕುಲಕಸುಬಿನ ಕಟ್ಟು ಇತ್ತು, ಜಾತಿಯ ಮೇಲುಕೀಳು ಇತ್ತು, ಬರ ಬಂದ ವರ್ಷ ಕಮ್ಮಾರನ ಮನೆಗೂ ಕಾಳಿಲ್ಲ. ಅದನ್ನು ಹಾಡಿ ಹೊಗಳಬೇಕಾಗಿಲ್ಲ. ಆದರೆ ಅದರೊಳಗೆ ಒಂದು ಪರೀಕ್ಷೆ ತಾನಾಗಿ ನಡೆಯುತ್ತಿತ್ತು. ಸಡಿಲವಾದ ಗಾಲಿ ಮರುದಿನವೇ ಕಮ್ಮಾರನ ಬಾಗಿಲಿಗೆ ವಾಪಸಾಗುತ್ತಿತ್ತು. ಕಡೆಗೀಲು ಕಳಚಿ ಬಂಡಿ ಉರುಳಿದರೆ ಯಾರು ಮಾಡಿದ ಕೀಲು ಎಂದು ಊರಿಗೆಲ್ಲ ಗೊತ್ತಿರುತ್ತಿತ್ತು. ಮಾಡಿದವನೂ ಬಳಸುವವನೂ ಒಂದೇ ಊರಿನಲ್ಲಿದ್ದುದೇ ಅಂದಿನ ತಪಾಸಣೆ.

1871ರಲ್ಲಿ ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನ ಕಡೆಯ ರೈಲುಮಾರ್ಗವೂ ರಾಯಚೂರಿನಲ್ಲಿ ಕೂಡಿದವು. ಕಾರ್ಖಾನೆಯಲ್ಲಿ ತಯಾರಾದ ಪಟ್ಟಿ, ಸರಳು, ತಗಡುಗಳಿಗೆ ಒಳನಾಡಿನ ದಾರಿ ತೆರೆಯಿತು. ಹೊರಗಿನಿಂದ ಬಂದ ಮಾಲನ್ನು ತನ್ನೂರಿನ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸುವುದು ಕಮ್ಮಾರನ ಮುಖ್ಯ ಕೆಲಸವಾಗತೊಡಗಿತು.

ಅಮೆರಿಕದ ಹಳ್ಳಿಯಲ್ಲೂ ಇದೇ ಕಥೆ

ಇದೇ ಬಗೆಯ ಕೆಲಸ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಹಳ್ಳಿಗಳಲ್ಲೂ ನಡೆಯಿತು. ಹೆನ್ರಿ ಫೋರ್ಡ್ ಅವರ ಮಾಡೆಲ್ ಟಿ ಕಾರು 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ರೈತರಿಗೆ ಬೇಕಾದದ್ದು ಸವಾರಿಗಿಂತ ಹೆಚ್ಚಾಗಿ ಸಾಗಣೆ. ಅವರು ಕಾರಿನ ಹಿಂಭಾಗ ಬಿಚ್ಚಿ ಮರದ ಅಥವಾ ತಗಡಿನ ಪೆಟ್ಟಿಗೆ ಕೂರಿಸಿಕೊಂಡರು. ಜನ ತಾವೇ ಮಾಡಿಕೊಂಡಿದ್ದನ್ನು ನೋಡಿ 1925ರಲ್ಲಿ ಫೋರ್ಡ್ ಕಂಪೆನಿಯೇ ಹಿಂದೆ ಪೆಟ್ಟಿಗೆಯಿರುವ ಮಾಡೆಲ್ ಟಿ ಯನ್ನು 281 ಡಾಲರಿಗೆ ಮಾರುಕಟ್ಟೆಗೆ ತಂದಿತು. ಪಿಕಪ್ ಎಂಬ ವಾಹನ ಕಂಪೆನಿಯ ನಕ್ಷೆಯಲ್ಲಿ ಮೂಡುವ ಮೊದಲೇ ಹಳ್ಳಿಯ ಕೊಟ್ಟಿಗೆಗಳಲ್ಲಿ ಹುಟ್ಟಿತ್ತು.

ಈ ಹಳೆಯ ಕಾರು, ಪಿಕಪ್‌ಗಳನ್ನು ಮುಂದಿನ ತಲೆಮಾರಿನ ಹುಡುಗರು ಗುಜರಿ ಬೆಲೆಗೆ ಕೊಂಡು ಬೇರೆಯದೇ ಆಟ ಹೂಡಿದರು. ಅದಕ್ಕೆ ಬಿದ್ದ ಹೆಸರು ಹಾಟ್ ರಾಡ್. ಮಡ್‌ಗಾರ್ಡು ಕಿತ್ತು ಭಾರ ಇಳಿಸುವುದು, ಕಿಟಕಿಯ ಕಂಬಗಳನ್ನು ಕತ್ತರಿಸಿ ಚಾವಣಿ ತಗ್ಗಿಸುವುದು, ಚಾಸಿಯ ಮೇಲಿನ ದೇಹವನ್ನು ಕೆಳಕ್ಕೆ ಇಳಿಸಿ ಕೂರಿಸುವುದು, 1932ರಲ್ಲಿ ಬಂದ ಫೋರ್ಡ್‌ನ ಎಂಟು ಸಿಲಿಂಡರಿನ ಎಂಜಿನ್ ಜೋಡಿಸುವುದು. ಈ ಬದಲಾವಣೆಗಳಿಗೆ ಬೇಕಾದ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಎಂಜಿನ್ ಕೂರಿಸುವ ಹಿಡಿಕೆಯಿಂದ ಹಿಡಿದು ಡೊಂಕು ತಗಡಿನವರೆಗೆ ಎಲ್ಲವನ್ನೂ ರಟ್ಟಿನಲ್ಲಿ ಮಾದರಿ ಕತ್ತರಿಸಿ, ಮರಳು ಚೀಲದ ಮೇಲೆ ತಗಡು ಬಡಿದು, ಬೆಸೆದು, ಉಜ್ಜಿ ಮಾಡಿಕೊಳ್ಳಬೇಕಿತ್ತು. ಎರಡನೆಯ ಮಹಾಯುದ್ಧ ಮುಗಿದಾಗ ಯಂತ್ರಗಳ ಕೆಲಸ ಕಲಿತ ಸೈನಿಕರು ಮನೆಗೆ ಮರಳಿದರು. ಯುದ್ಧವಿಮಾನಗಳ ಹೊಟ್ಟೆಗೆ ಕಟ್ಟುತ್ತಿದ್ದ ಇಂಧನದ ತೊಟ್ಟಿಯನ್ನೇ ಕಾರಿನ ದೇಹ ಮಾಡಿಕೊಂಡವರೂ ಇದ್ದರು.

ರಸ್ತೆಯಲ್ಲಿ ಪಂದ್ಯ ಕಟ್ಟಿ ಸಾವುನೋವು ಉಂಟಾದಾಗ ಜನ ಸಿಟ್ಟಿಗೆದ್ದರು. ಆಗ ಆ ಹವ್ಯಾಸವನ್ನು ಉಳಿಸಿದ್ದು ಅದರ ಒಳಗಿನವರೇ. ಕ್ಯಾಲಿಫೋರ್ನಿಯಾದ ಒಣ ಸರೋವರಗಳ ಬಯಲಿನಲ್ಲಿ ಓಟ ನಡೆಸಲು 1937ರಲ್ಲಿ ಒಂದು ಸಂಘ, 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಹುಟ್ಟಿದವು. ಬ್ರೇಕ್, ಸ್ಟಿಯರಿಂಗ್, ಬೆಸುಗೆಗಳನ್ನು ತಪಾಸಣೆ ಮಾಡದೆ ಯಾವ ಗಾಡಿಯನ್ನೂ ಓಟಕ್ಕೆ ಬಿಡಬಾರದೆಂಬ ಶಿಸ್ತು ಬೆಳೆಯಿತು. ಸುತ್ತಿಗೆ ಹಿಡಿದವನು ಪರೀಕ್ಷೆಗೆ ಒಪ್ಪಿದ್ದರಿಂದ ಸುತ್ತಿಗೆ ಉಳಿಯಿತು.

ಕಾಲುವೆಯ ನೀರು, ವೆಲ್ಡಿಂಗಿನ ಕಿಡಿ

ರಾಯಚೂರು ಸೀಮೆಯಲ್ಲಿ ಬದಲಾವಣೆ ತಂದದ್ದು ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಯಿತು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳ ಕಡೆಗೆ ನೀರು ತಂದಿತು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ತಲೆಯೆತ್ತಿದವು. ಬೆಳೆ ಹೆಚ್ಚಿದಂತೆ ಸಾಗಿಸಬೇಕಾದ ಮೂಟೆಗಳೂ ಹೆಚ್ಚಿದವು. ಎತ್ತಿನ ಬಂಡಿಯನ್ನೇ ಸುಧಾರಿಸಬೇಕೆಂಬ ಪ್ರಯತ್ನಗಳೂ ನಡೆಯದೆ ಇರಲಿಲ್ಲ. ಬೆಂಗಳೂರಿನ ಐಐಎಂ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ 1970ರ ದಶಕದಿಂದ ಎತ್ತಿನ ಹೆಗಲ ಭಾರ ತಗ್ಗಿಸುವ, ಗಾಲಿ ಹಗುರವಾಗಿ ಉರುಳುವಂತೆ ಮಾಡುವ ವಿನ್ಯಾಸಗಳಿಗಾಗಿ ವಾದಿಸಿದರು. ಆದರೆ ನೀರಾವರಿ ಸೀಮೆಯ ದೊಡ್ಡ ಹೊರೆಗಳು ಟ್ರ್ಯಾಕ್ಟರಿನ ಕಡೆಗೆ ಸರಿದವು.

ಟ್ರಾಲಿ ಕಟ್ಟುವವನ ಕೆಲಸ ಹಳೆಯ ಕಮ್ಮಾರನ ಕೆಲಸದ ಕನ್ನಡಿ ಬಿಂಬ. ತಿದಿಯ ಜಾಗದಲ್ಲಿ ವೆಲ್ಡಿಂಗ್ ಮಿಷನ್ನು, ಅಡಿಗಲ್ಲಿನ ಜಾಗದಲ್ಲಿ ಕಬ್ಬಿಣದ ಬೆಂಚು ಬಂದಿವೆ. ಕಮ್ಮಾರನಿಗೆ ನೆರವಾಗಿದ್ದ ಹಿಗ್ಗು-ಕುಗ್ಗಿನ ಗುಣವೇ ವೆಲ್ಡರನಿಗೆ ಶತ್ರು. ಚಾನೆಲ್ ಕಬ್ಬಿಣದ ಚೌಕಟ್ಟಿಗೆ ಒಂದೇ ಕಡೆಯಿಂದ ಉದ್ದಕ್ಕೆ ಬೆಸುಗೆ ಎಳೆದರೆ, ಬೆಸುಗೆ ತಣಿದು ಕುಗ್ಗುವಾಗ ಇಡೀ ಚೌಕಟ್ಟನ್ನು ತನ್ನತ್ತ ಎಳೆದು ಸೊಟ್ಟ ಮಾಡುತ್ತದೆ. ಆದ್ದರಿಂದ ನುರಿತವನು ಮೊದಲು ಅಲ್ಲಲ್ಲಿ ಚುಕ್ಕಿ ಹಾಕಿ ನಿಲ್ಲಿಸುತ್ತಾನೆ, ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡೂ ಕರ್ಣಗಳು ಸಮವೇ ಎಂದು ನೋಡುತ್ತಾನೆ, ಆಮೇಲೆ ಎದುರುಬದುರು ಮೂಲೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬೆಸೆಯುತ್ತಾನೆ. ಟ್ರ್ಯಾಕ್ಟರಿಗೂ ಟ್ರಾಲಿಗೂ ನಡುವೆ ಇರುವ ಪಿನ್ನು ಹಳೆಯ ಕಡೆಗೀಲಿನ ವಂಶದ್ದೇ. ಹಲವು ಟನ್ ಭಾರದ ಎಳೆತ ಆ ಒಂದು ಪಿನ್ನಿನ ಮೇಲೆ.

ಕಾನೂನು ಹೇಳುವುದೇನು?

ಇಲ್ಲಿ ಒಂದು ವ್ಯತ್ಯಾಸವಿದೆ. ಬಂಡಿಯ ವೇಗ ಎತ್ತಿನ ನಡಿಗೆಯ ವೇಗ. ಗಾಲಿ ಮುರಿದರೆ ಹೊರೆ ಹಾದಿಗೆ ಬೀಳುತ್ತಿತ್ತು, ಅಷ್ಟೇ. ಟ್ರಾಲಿಯೋ ಹೆದ್ದಾರಿಯಲ್ಲಿ ಓಡುತ್ತದೆ, ಅದರಲ್ಲಿ ಕೂಲಿಗೆ ಹೋಗುವ ಹೆಂಗಸರೂ ಕೂತಿರುತ್ತಾರೆ. ಕಟ್ಟಿದವನು ಒಂದು ಪೇಟೆಯಲ್ಲಿ, ಓಡಿಸುವವನು ಇನ್ನೊಂದು ಊರಿನಲ್ಲಿ. ಕೈ ಬದಲಾಗಿ ಮೂರನೆಯವನಿಗೆ ಸೇರಿದ ಮೇಲೆ ಬೆಸುಗೆ ಬಿಟ್ಟರೆ ಕೇಳುವುದು ಯಾರನ್ನು? ಆಯದ ಕಾಲದ ತಪಾಸಣೆ ಹೋಗಿದೆ. ಆ ಜಾಗದಲ್ಲಿ ಕಾನೂನು ನಿಲ್ಲಬೇಕಾಗಿದೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಕಾನೂನು ಒಪ್ಪದ ಪ್ರತಿ ಮಾರ್ಪಾಟಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ವಿಧಿಸಲು ಅವಕಾಶ ಕೊಟ್ಟಿತು. ಅದಕ್ಕೂ ಮೊದಲು, 2013ರಲ್ಲಿ, ಉತ್ತರ ಭಾರತದ ಹಳ್ಳಿಗಳಲ್ಲಿ ನೀರೆತ್ತುವ ಎಂಜಿನ್ ಜೋಡಿಸಿ ಕಟ್ಟುವ ಜುಗಾಡ್ ಗಾಡಿಯೂ ಮೋಟಾರು ವಾಹನವೇ, ಅದಕ್ಕೂ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಗಾಡಿ ಗುದ್ದಿ ಸತ್ತವನ ಮನೆಯವರಿಗೆ ಪರಿಹಾರ ಸಿಗಬೇಕಾದರೆ ಗಾಡಿಗೆ ನೋಂದಣಿ, ವಿಮೆ ಇರಲೇಬೇಕಲ್ಲವೇ?

ನ್ಯಾಯಾಲಯದ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ತೊಡಕು ಇರುವುದು ಬೇರೆಡೆ. ಸಾವಿರಾರು ಗಾಡಿ ಮಾಡುವ ಕಂಪೆನಿ ಒಂದು ಮಾದರಿಯನ್ನು ಪರೀಕ್ಷೆಗೆ ಕಳಿಸಿ ಒಪ್ಪಿಗೆ ಪಡೆಯುತ್ತದೆ. ಅದರ ಖರ್ಚು ಎಲ್ಲ ಗಾಡಿಗಳ ಮೇಲೆ ಹಂಚಿಹೋಗುತ್ತದೆ. ವರ್ಷಕ್ಕೆ ಬೆರಳೆಣಿಕೆಯಷ್ಟು ಕಟ್ಟುವವನಿಗೆ ಆ ದಾರಿ ದುಬಾರಿ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ವಾಹನವನ್ನೂ ತಜ್ಞರು ಪರಿಶೀಲಿಸಿ ರಸ್ತೆಗೆ ಬಿಡುವ ವ್ಯವಸ್ಥೆಯಿದೆ. ಅಮೆರಿಕದ ಅನೇಕ ರಾಜ್ಯಗಳೂ ಸ್ವಂತ ಕೈಯಿಂದ ಕಟ್ಟಿದ ಗಾಡಿಗಳಿಗೆ ಬೇರೆಯೇ ನೋಂದಣಿ ಕೊಡುತ್ತವೆ. ಅಂಥ ದಾರಿ ಹತ್ತಿರದಲ್ಲೇ, ಕೈಗೆಟುಕುವ ಖರ್ಚಿನಲ್ಲಿ ಸಿಕ್ಕರೆ ಸಣ್ಣ ಅಂಗಡಿಯವನು ಅದರಿಂದ ಓಡಿಹೋಗಬೇಕಾಗಿಲ್ಲ.

ಈ ಅಂಗಡಿಗಳಲ್ಲಿ ಇರುವುದು ಕೂಲಿಯಷ್ಟೇ ಅಲ್ಲ, ಒಂದು ವಿದ್ಯೆ. ಕಬ್ಬಿಣ ಎಷ್ಟು ಹಿಗ್ಗುತ್ತದೆ, ಎಲ್ಲಿ ಎಳೆಯುತ್ತದೆ, ಎರೆಮಣ್ಣಿನ ಹಾದಿಯಲ್ಲಿ ಮಳೆ ಬಂದ ಮೇಲೆ ಯಾವ ಅಚ್ಚು ಬಾಗುತ್ತದೆ ಎಂಬ ತಿಳಿವಳಿಕೆ ಅಲ್ಲಿ ಕೈಯಿಂದ ಕೈಗೆ ದಾಟುತ್ತಿದೆ. ಅದಕ್ಕೆ ಸರ್ಟಿಫಿಕೇಟಿಲ್ಲ, ಪಠ್ಯಪುಸ್ತಕವಿಲ್ಲ. ಪರೀಕ್ಷೆಯೇ ಇಲ್ಲದೆ ಬಿಟ್ಟರೆ ಅದು ಜೀವ ತೆಗೆದೀತು. ಬರೀ ದಂಡ ಹಾಕುತ್ತ ಹೋದರೆ ಅದೇ ಸತ್ತುಹೋದೀತು. ಹಳೆಯ ಕಮ್ಮಾರ ನೀರು ಸುರಿದು ಹಳಿ ತಣಿಸಿದ ಮೇಲೆ ಗಾಲಿಯನ್ನು ಎತ್ತಿ ನಿಲ್ಲಿಸಿ, ಅರೆಗಳ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡುತ್ತಿದ್ದ. ಬಿಗಿಯಾಗಿದ್ದರೆ ಒಂದು ಸದ್ದು, ಸಡಿಲವಾಗಿದ್ದರೆ ಇನ್ನೊಂದು. ಆ ಸದ್ದು ಕೇಳಿಸಿಕೊಂಡ ಮೇಲೆಯೇ ಗಾಲಿಯನ್ನು ಬಂಡಿಗೆ ಏರಿಸುತ್ತಿದ್ದ.